ಹುಲಿಗೆಮ್ಮನ ಅರ್ಜಿ ಎರಡು ಸಲ ಬಂತು

ಇದು ಮೂರು ವರ್ಷದ ಹಿಂದಿನ ಮಾತು. ದೀಪಾವಳಿ ಇನ್ನೂ ಬಂದಿರಲಿಲ್ಲ. ನಾನು ಹೊಸಪೇಟೆಯಲ್ಲಿ ವೆಬ್‌ಸೈಟ್ ಮಾಡಿಕೊಡುವವಳು. ಬಸ್ ನಿಲ್ದಾಣದ ಹಿಂದೆ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯೇ ನನ್ನ ಆಫೀಸು. ಹಂಪಿಯ ಹೋಂಸ್ಟೇ, ಲಾರಿ ಟ್ರಾನ್ಸ್‌ಪೋರ್ಟ್, ಟ್ಯೂಷನ್ ಕ್ಲಾಸು, ಯಾರು ಬಂದರೂ ಮಾಡಿಕೊಡುತ್ತೇನೆ. ಮಾಡಿಕೊಟ್ಟ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ, ಅಲ್ಲಿಂದಲೇ ಶುರು. ಬೀಗರ ಮನೆಯಲ್ಲಿ ಊಟಕ್ಕೆ ಕೂತಿದ್ದರೂ ಫೋನ್ ಬರುತ್ತದೆ, "ಮೇಡಂ, ಓಪನ್ ಆಗವಲ್ದು." ಅವರ ಮೊಬೈಲಿನಲ್ಲಿ ನೆಟ್ ಇಲ್ಲದಿದ್ದರೂ ತಪ್ಪು ನನ್ನದೇ.

ಆ ವರ್ಷ ಕಂಪ್ಲಿ ಕಡೆಯ ಒಂದು ಸಮಿತಿಯವರು ಸಾಮೂಹಿಕ ಮದುವೆ ಇಟ್ಟುಕೊಂಡಿದ್ದರು. ಜೋಡಿಗಳು ಅರ್ಜಿ ಹಾಕಲು ನನ್ನಿಂದ ವೆಬ್‌ಸೈಟ್ ಮಾಡಿಸಿದರು. ಸಮಿತಿಯ ಕಾರ್ಯದರ್ಶಿ ವೀರೇಶಪ್ಪನವರು ಅಕ್ಕಿ ಗಿರಣಿ ನಡೆಸುವವರು. ಮನಸ್ಸು ಒಳ್ಳೆಯದು, ತಾಳ್ಮೆ ಮಾತ್ರ ಇಲ್ಲ. ಐವತ್ತೊಂದು ಜೋಡಿ ಮಾಡಿಸುತ್ತೇವೆ ಎಂದು ಊರೆಲ್ಲ ಬ್ಯಾನರ್ ಕಟ್ಟಿಸಿಬಿಟ್ಟಿದ್ದರು. ಬಂದ ಅರ್ಜಿಗಳು ಅದರ ಅರ್ಧವೂ ಇರಲಿಲ್ಲ.

ಆ ಅರ್ಜಿಯಲ್ಲಿ ವಯಸ್ಸನ್ನು ಎರಡು ಕಡೆ ತಪಾಸಣೆ ಮಾಡುವಂತೆ ಇಟ್ಟಿದ್ದೆ. ಒಂದು, ಅರ್ಜಿ ತುಂಬುವವರ ಎದುರಿಗಿನ ಪರದೆಯಲ್ಲಿ. ಹುಡುಗಿಗೆ ಹದಿನೆಂಟು ಆಗಿರದಿದ್ದರೆ ಅಲ್ಲೇ ಕೆಂಪಕ್ಷರ ಬರುತ್ತದೆ, ಮುಂದಕ್ಕೆ ಹೋಗಲು ಬಿಡುವುದಿಲ್ಲ. ಇನ್ನೊಂದು ನಮ್ಮ ಸರ್ವರ್‌ನಲ್ಲಿ, ಅಂದರೆ ಅರ್ಜಿ ಹೋಗಿ ಸೇರುವ ಕಂಪ್ಯೂಟರ್‌ನಲ್ಲಿ. ಪರದೆಯ ತಪಾಸಣೆ ನಡೆಯುವುದು ತುಂಬುವವರ ಕಂಪ್ಯೂಟರ್‌ನಲ್ಲಿ. ಸ್ವಲ್ಪ ಕೈಚಳಕ ಇದ್ದವರು ಅದನ್ನು ಕಿತ್ತುಹಾಕಿ ಅರ್ಜಿ ಕಳಿಸಬಹುದು. ಆದ್ದರಿಂದ ಬಂದದ್ದನ್ನು ಸರ್ವರ್ ಮತ್ತೆ ಮೊದಲಿನಿಂದ ನೋಡಲೇಬೇಕು. ಈ ಕೆಲಸದವರಿಗೆ ಇದು ಬಾಲಪಾಠ.

ವೀರೇಶಪ್ಪನವರಿಗೆ ಇದು ಹಿಡಿಸಲಿಲ್ಲ. "ಒಮ್ಮಿ ನೋಡಿದ್ದನ್ನ ಮತ್ತ್ಯಾಕ ನೋಡಬೇಕ್ರೀ? ಮಂದಿ ಮ್ಯಾಲ ನಂಬಿಕಿ ಇಲ್ಲೇನು?" ಅಂದರು.

ನಮ್ಮ ಯಜಮಾನರು ಸಂಡೂರಿನ ಹತ್ತಿರ ಅದಿರು ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಕೆಲಸದಲ್ಲಿದ್ದಾರೆ. ಅದನ್ನೇ ಹೇಳಿದೆ. "ಗಣಿಯಾಗ ತೂಗಿರ್ತಾರ, ಚೀಟಿನೂ ಕೊಟ್ಟಿರ್ತಾರ. ಆದ್ರೂ ರೈಲಿಗೆ ತುಂಬೋ ಸೈಡಿಂಗಿಗೆ ಬಂದ್ಮ್ಯಾಲ ಮತ್ತ ತೂಗ್ತಾರಲ್ರೀ. ಚೀಟಿ ನೋಡಿ ಲಾರಿ ಒಳಗ ಬಿಡ್ತಾರೇನು?" ಗಿರಣಿಯವರಿಗೆ ತೂಕದ ಮಾತು ತಿಳಿಯಿತು. "ಆತು, ಇರ್ಲಿ ಬಿಡ್ರಿ" ಅಂದರು.

ಕೆಲವು ದಿನ ಕಳೆದ ಮೇಲೆ ಕಂಪ್ಲಿಯ ಸೈಬರ್ ಅಂಗಡಿಯ ಯರ್ರಿಸ್ವಾಮಿ ಎಂಬಾತ ಫೋನ್ ಮಾಡಿದ. "ಮೇಡಂ, ನಿಮ್ಮ ಸೈಟಿನ್ಯಾಗ ಏನೋ ಎರರ್ ಐತಿ. ಹುಡುಗೀದು ಡೇಟ್ ಹಾಕಿದ್ರ ತಗೊಳ್ಳಂಗಿಲ್ಲ ಅಂತಿತ್ತು. ನಾನು ಆ ಲಾಕ್ ತೆಗದು ಸಬ್ಮಿಟ್ ಹೊಡದೆ. ಆದ್ರೂ ಹಿಂದಕ ಬಂತು."

ಅವನ ದನಿಯಲ್ಲಿ ಅಳುಕೇ ಇರಲಿಲ್ಲ. ಗಿರಾಕಿಗೆ ಉಪಕಾರ ಮಾಡಿದವನ ಹೆಮ್ಮೆ ಇತ್ತು. ಸರ್ವರ್ ತಿರಸ್ಕರಿಸಿದ ಅರ್ಜಿಗಳನ್ನು ತೆರೆದು ನೋಡಿದೆ. ಹುಲಿಗೆಮ್ಮ, ಕಂಪ್ಲಿ ಹತ್ತಿರದ ಒಂದು ಹಳ್ಳಿ, ಹುಟ್ಟಿದ ದಿನ ಜೂನ್ ಒಂದು. ಲೆಕ್ಕ ಹಾಕಿದರೆ ಹದಿನಾರು ತುಂಬಿ ಕೆಲವು ತಿಂಗಳಾಗಿತ್ತು. "ಅದು ಎರರ್ ಅಲ್ಲಪ್ಪ, ಹುಡುಗಿ ಸಣ್ಣಾಕಿ" ಅಂದೆ. "ಅಯ್ಯ, ಅದಿರ್ಲಿ ಮೇಡಂ, ನೀವು ಹಿಂದಿನಿಂದ ಓಕೆ ಮಾಡ್ರಿ" ಅಂದ. ನಾನು ಫೋನ್ ಇಟ್ಟೆ.

ಮರುದಿನ ವೀರೇಶಪ್ಪನವರ ಫೋನ್. ಹುಡುಗಿಯ ಅಪ್ಪ ಅವರ ಗಿರಣಿಯಲ್ಲಿ ಚೀಲ ಹೊರುವ ಹನುಮಂತಪ್ಪ. ಅವರ ಕೈಕಾಲು ಹಿಡಿದಿದ್ದಾನೆ. "ಒಂದ ದಿನ ಆ ಚೆಕ್ ತೆಗೀರಿ, ಮರುದಿನ ಮತ್ತ ಹಾಕ್ರಿ. ಯಾರಿಗೆ ಗೊತ್ತಾಗತೈತಿ?" ಅಂದರು. ಆಗುವುದಿಲ್ಲ ಅಂದೆ. "ಹಂಗಾದ್ರ ನಿಮ್ಮ ಹತ್ರನ ಕಳಸ್ತೀನಿ. ನೀವ ಹೇಳ್ರಿ ಅವಗ" ಅಂದರು. ತಮ್ಮ ತಲೆನೋವನ್ನು ನನ್ನ ತಲೆಗೆ ಕಟ್ಟಿ ಅವರು ಹಗುರಾದರು.

ಮಾರನೆಯ ದಿನ ಮಧ್ಯಾಹ್ನ ಅಪ್ಪ ಮಗಳು ಇಬ್ಬರೂ ಕಂಪ್ಲಿ ಬಸ್ಸಿಗೆ ಬಂದರು. ನನಗೆ ಎರಡು ದಿನದಿಂದ ಜ್ವರ ಬಂದುಹೋಗುತ್ತಿತ್ತು. ಯಾರ ಜೊತೆಗೂ ವಾದ ಮಾಡುವ ಶಕ್ತಿ ಇರಲಿಲ್ಲ. ಹನುಮಂತಪ್ಪ ಕುರ್ಚಿಯ ತುದಿಯಲ್ಲಿ ಕೂತ. ಹುಡುಗಿ ಕೂರಲೇ ಇಲ್ಲ, ಬಾಗಿಲ ಹತ್ತಿರ ಗೋಡೆಗೆ ಆತುಕೊಂಡು ನಿಂತಳು. ಶಾಲೆಯ ಯೂನಿಫಾರ್ಮ್ ಹಾಕಿದ್ದಳು. ಹತ್ತನೇ ಕ್ಲಾಸಂತೆ, ಕ್ಲಾಸಿನಿಂದಲೇ ಕರೆದುಕೊಂಡು ಬಂದಿದ್ದನಂತೆ.

"ಅಕ್ಕಾರ, ಮಾಸ್ತರು ಸಾಲಿಗೆ ಹಾಕುವಾಗ ಅಂದಾಜಿಗೆ ಬರಕೊಂಡ ತಾರೀಖದು. ಹುಡುಗಿ ಅದಕ್ಕಿಂತ ದೊಡ್ಡಾಕಿ ಅದಾಳ. ಹುಟ್ಟಿಸಿದಾವ ನನಗ ಗೊತ್ತಿಲ್ಲೇನು?" ಅಂದ.

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು, ನಮ್ಮ ಯಜಮಾನರೂ ಸೇರಿ. "ಎಷ್ಟು ದೊಡ್ಡಾಕಿ?" ಎಂದು ಕೇಳಿದೆ. ಅವನು ಬೆರಳು ಮಡಿಸಿ ನೆನಪು ಮಾಡಿಕೊಂಡ. "ನಮ್ಮ ಬಿಳಿ ಎತ್ತು ಸತ್ತ ವರ್ಷ, ಯುಗಾದಿಗೆ ಮುಂಚೆ... ಒಂದ್ ನಾಕು ತಿಂಗಳು ಹೆಚ್ಚಿರಬೇಕು." ನಾಲ್ಕು ತಿಂಗಳು ಸೇರಿಸಿದರೂ ಹದಿನೇಳು ದಾಟುವುದಿಲ್ಲ ಎಂದು ಅವನಿಗೂ ಹೊಳೆಯಿತು. ಮಡಿಸಿದ ಬೆರಳು ಬಿಟ್ಟ.

ಆಮೇಲೆ ಅವನು ನಿಜ ಹೇಳಿದ. "ಸಂಕ್ರಾಂತಿ ಆದ ಕೂಡ್ಲೆ ಗುಂಟೂರು ಕಡಿ ಮೆಣಸಿನಕಾಯಿ ಬಿಡಸಾಕ ಗುಳೇ ಹೋಗತೀವ್ರಿ, ನಾನು ನಮ್ಮನಿಯಾಕಿ ಇಬ್ರೂ. ದೊಡ್ಡಾಕಿ ಆದ ಹುಡುಗೀನ ಒಬ್ಬಾಕಿನ ಮನ್ಯಾಗ ಹೆಂಗ ಬಿಡ್ಲಿ? ಕರಕೊಂಡು ಹೋದ್ರ ಅಲ್ಲಿ ಗುಡಿಸಲದಾಗ ಮಲಗಬೇಕು, ನೂರು ಮಂದಿ ಇರ್ತಾರ. ಹುಡುಗ ಚಲೋ ಅದಾನ, ಕಮಲಾಪುರದಾಗ ಬಾಳಿ ತ್ವಾಟ ನೋಡಿಕೊಂಡು ಅದಾನ. ನನಗೇನು ಮಗಳ ಮ್ಯಾಲ ಪ್ರೀತಿ ಇಲ್ಲೇನ್ರೀ?"

ಬೈದಿದ್ದರೆ ನಾನೂ ಬೈಯಬಹುದಿತ್ತು. ಅವನು ಬೈಯಲಿಲ್ಲ. ನನಗೆ ನಿಜವಾಗಿಯೂ ಸಂಕಟವಾಯಿತು. ಎದುರಿಗೆ ಕಂಪ್ಯೂಟರ್ ತೆರೆದೇ ಇತ್ತು. ಹದಿನೆಂಟು ಅನ್ನುವ ಅಂಕಿಯನ್ನು ಹದಿನಾರು ಮಾಡಿದರೆ ಮುಗಿಯಿತು. ನಾನು ಮನೆಗೆ ಹೋಗಿ ಗುಳಿಗೆ ನುಂಗಿ ಮಲಗಬಹುದು, ವೀರೇಶಪ್ಪನವರಿಗೆ ಒಂದು ಜೋಡಿ ಹೆಚ್ಚುತ್ತದೆ, ಈ ಮನುಷ್ಯ ನಿಶ್ಚಿಂತೆಯಿಂದ ಗುಂಟೂರಿಗೆ ಹೋಗುತ್ತಾನೆ. ಎಲ್ಲರಿಗೂ ಅನುಕೂಲ. ಗೋಡೆಗೆ ಆತುಕೊಂಡವಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

"ಆಗಂಗಿಲ್ಲಪ್ಪ. ಕಾಯ್ದೆನೂ ಒಪ್ಪಂಗಿಲ್ಲ, ನಾನೂ ಒಪ್ಪಂಗಿಲ್ಲ" ಅಂದೆ. ಹಾಸ್ಟೆಲ್ ಇದೆ, ಸೇರಿಸಲು ನಾನೇ ಓಡಾಡುತ್ತೇನೆ ಎಂದೂ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ. ವೀರೇಶಪ್ಪನವರಿಗೆ ಫೋನ್ ಮಾಡುತ್ತೇನೆಂದು ಸಿಗ್ನಲ್ ಹುಡುಕಿಕೊಂಡು ಮೆಟ್ಟಿಲಿಳಿದ.

ಆಗ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. "ಅಕ್ಕಾರ, ಈ ಕಂಪ್ಯೂಟರು ಎಲ್ಲಿತನ ಬ್ಯಾಡ ಅಂತೈತ್ರೀ?"

"ನಿನಗ ಹದಿನೆಂಟು ತುಂಬೋತನ."

"ನಮ್ಮಪ್ಪ ಎಷ್ಟು ಬೇಡಿಕೊಂಡ್ರೂ?"

"ಎಷ್ಟು ಬೇಡಿಕೊಂಡ್ರೂ."

ಅವಳು ತಿಳಿಯಿತು ಅನ್ನುವಂತೆ ತಲೆ ಆಡಿಸಿದಳು. ಅಳಲಿಲ್ಲ, ನಗಲೂ ಇಲ್ಲ. ಕೆಳಗಿನಿಂದ ಅಪ್ಪ ಕೂಗಿದ, ಹೋದಳು.

ನನ್ನ ಸರ್ವರ್ ಬೇಡ ಅಂದರೆ ಸಾಕೇ? ಊರಲ್ಲಿ ಗುಡಿಗಳಿವೆ, ಯಾವ ಗುಡಿಯ ಬಾಗಿಲಲ್ಲೂ ವಯಸ್ಸು ಕೇಳುವ ಕಂಪ್ಯೂಟರ್ ಇಲ್ಲ. ಒಂದು ಮುಂಜಾನೆ ನಾಲ್ಕು ಜನ ಸೇರಿ ತಾಳಿ ಕಟ್ಟಿಸಿದರೆ ಯಾರು ನೋಡಿದರು? ಅದನ್ನು ಯೋಚಿಸುತ್ತಾ ಸಂಜೆಯವರೆಗೆ ಕೂತಿದ್ದೆ. ಹನುಮಂತಪ್ಪನ ಮುಖ ಕಣ್ಣೆದುರು ಬರುತ್ತಿತ್ತು. ಆದರೂ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ ಹೇಳಿದೆ. ಅಧಿಕಾರಿಗಳು ಹಳ್ಳಿಗೆ ಹೋದರು, ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡರು.

ಹನುಮಂತಪ್ಪ ಫೋನ್ ಮಾಡಿದ. "ಸಾಹೇಬ್ರಿಗೆ ಫೋನ್ ಮಾಡಿದವ್ರು ನೀವ ಏನ್ರೀ?" ಹೌದು ಅಂದೆ. "ಇಡೀ ಓಣಿ ಮಂದಿ ನಿಂತು ನೋಡಿದ್ರು. ನಿಮಗ ಮಕ್ಕಳಿದ್ರ ಗೊತ್ತಾಗತಿತ್ತು" ಅಂದು ಇಟ್ಟುಬಿಟ್ಟ. ನನಗೆ ಇಬ್ಬರು ಮಕ್ಕಳಿದ್ದಾರೆ. ಅದನ್ನು ಹೇಳಲು ಅವನು ಬಿಡಲಿಲ್ಲ, ಹೇಳಿದ್ದರೂ ಏನು ಪ್ರಯೋಜನ. ಹಾಸ್ಟೆಲ್ ವಿಚಾರಕ್ಕೆ ಆಮೇಲೆ ನಾನೇ ಎರಡು ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

ಸಮಿತಿಯವರ ಮದುವೆ ಬ್ಯಾನರಿನಲ್ಲಿ ಹಾಕಿದ್ದಕ್ಕಿಂತ ಕಡಿಮೆ ಜೋಡಿಗಳೊಂದಿಗೆ ಮುಗಿಯಿತು. ವೀರೇಶಪ್ಪನವರು ಒಂದು ತಿಂಗಳು ಮುನಿಸಿಕೊಂಡಿದ್ದು, ಸೈಟು ಕೆಟ್ಟಾಗ ತಾವೇ ಫೋನ್ ಮಾಡಿದರು. ನಾನೂ ನನ್ನ ಕೆಲಸದಲ್ಲಿ ಮುಳುಗಿದೆ. ಹುಡುಗಿಯ ವಿಷಯ ಮರೆತೆ ಅಂತಲ್ಲ, ಕೇಳುವ ದಾರಿ ಇರಲಿಲ್ಲ.

ಹೋದ ವರ್ಷ ಅದೇ ಸಮಿತಿ, ಅದೇ ವೆಬ್‌ಸೈಟ್. ಬೆಳಿಗ್ಗೆ ಬಂದ ಅರ್ಜಿಗಳನ್ನು ನೋಡುತ್ತಿದ್ದೆ. ಹುಲಿಗೆಮ್ಮ, ತಂದೆ ಹನುಮಂತಪ್ಪ, ಹುಟ್ಟಿದ ದಿನ ಜೂನ್ ಒಂದು. ಹದಿನೆಂಟು ತುಂಬಿತ್ತು. ವರ ಬೇರೆ, ಸಂಡೂರಿನ ಕಡೆಯವನು, ವಯಸ್ಸು ಮೂವತ್ತೈದು. ಸರ್ವರ್ ಚಕಾರವೆತ್ತದೆ ಒಪ್ಪಿಕೊಂಡಿತ್ತು. ಒಪ್ಪಿಕೊಳ್ಳಲೇಬೇಕು, ನಾನೇ ಬರೆದ ನಿಯಮ. ಆಧಾರ್ ಸರಿ, ಫೋಟೋ ಸರಿ, ವಿಳಾಸ ಸರಿ. ಎಲ್ಲಾದರೂ ಒಂದು ತಪ್ಪು ಸಿಗಲಿ ಎಂದು ಎರಡೆರಡು ಸಲ ಹುಡುಕಿದೆ. ಸಿಗಲಿಲ್ಲ.

ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅವಳೇ ಎತ್ತಿದಳು. ಯಾರೆಂದು ಹೇಳಿದ ಕೂಡಲೇ ಗುರುತು ಹಿಡಿದಳು.

"ಹತ್ತನೇ ಪರೀಕ್ಷೆ ಬರದಿಯೇನವ್ವ ಆಗ?" ಎಂದು ಕೇಳಿದೆ.

"ಇಲ್ರೀ. ಆ ವರ್ಷ ನನ್ನೂ ಗುಂಟೂರಿಗೆ ಕರಕೊಂಡು ಹೋದ್ರು. ಸಾಲಿ ಬಿಟ್ಟುಹೋತು." ಇಷ್ಟನ್ನು ಬಸ್ಸು ತಪ್ಪಿತು ಅನ್ನುವ ಹಾಗೆ ಹೇಳಿದಳು. ಅವಳನ್ನು ಕಾಪಾಡಿದೆ ಎಂದು ಎರಡು ವರ್ಷ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡಿದ್ದೆ. ಅವಳು ಆ ಎರಡು ವರ್ಷ ಮೆಣಸಿನಕಾಯಿ ಬಿಡಿಸುತ್ತಿದ್ದಳು.

"ಈ ಅರ್ಜಿ ನೀನ ಹಾಕಿದ್ಯಾ?"

"ನಮ್ಮಪ್ಪ ಹಾಕಿಸ್ಯಾರ." ಆಮೇಲೆ ತಗ್ಗಿದ ದನಿಯಲ್ಲಿ, "ಅಕ್ಕಾರ, ಈಗ ನಿಮ್ಮ ಕಂಪ್ಯೂಟರು ಬ್ಯಾಡ ಅನ್ನಂಗಿಲ್ಲಲ್ರೀ?" ಅಂದಳು.

"ಅದು ಅನ್ನಂಗಿಲ್ಲವ್ವ. ಅದಕ್ಕ ವಯಸ್ಸು ಬಿಟ್ರ ಬ್ಯಾರೆ ಏನೂ ಗೊತ್ತಾಗಂಗಿಲ್ಲ. ಈಗ ನೀನ ಅನ್ನಬೇಕು. ನೀ ಬ್ಯಾಡಂದ್ರ ಈ ಅರ್ಜಿ ನಿಲ್ಲತೈತಿ. ವೀರೇಶಪ್ಪನವರಿಗೆ ನಾ ಹೇಳ್ತೀನಿ" ಅಂದೆ.

ಆ ಕಡೆ ಪಾತ್ರೆಯ ಸದ್ದು, ಕೋಳಿಯ ಸದ್ದು. ಹನುಮಂತಪ್ಪನ ದನಿಯೂ ಕೇಳಿಸಿತು, "ಯಾರದಬೇ ಫೋನು?"

ಇನ್ನು ಫೋನ್ ಇಟ್ಟುಬಿಡುತ್ತಾಳೆ ಅಂದುಕೊಂಡೆ. ಅವಳು ಇಡಲಿಲ್ಲ.

"ಮದುವಿ ಆಫೀಸಿಂದು" ಅಂದಳು ಅಪ್ಪನಿಗೆ. "ನಾ ಒಲ್ಲೆ ಅಂತ ಹೇಳಾಕತ್ತೀನಿ."

ಫೋನ್ ಕಟ್ಟಾಯಿತು. ಅವಳು ಇಟ್ಟಳೋ, ಅವನು ಕಿತ್ತುಕೊಂಡನೋ ತಿಳಿಯಲಿಲ್ಲ. ನಾನು ಅರ್ಜಿಯನ್ನು ತಡೆದೆ. ವೀರೇಶಪ್ಪನವರಿಗೆ ಹೇಳಿದಾಗ ಯಾಕೋ ಈ ಸಲ ವಾದ ಮಾಡಲಿಲ್ಲ, "ಹುಡುಗಿ ಒಲ್ಲೆ ಅಂದ್ಮ್ಯಾಲ ಮುಗೀತು ಬಿಡ್ರಿ" ಅಂದರು. ಮರುದಿನ ಅದೇ ನಂಬರಿಗೆ ಮತ್ತೆ ಮಾಡಿದೆ, ಸ್ವಿಚ್ ಆಫ್. ಸಹಾಯವಾಣಿಗೆ ಹೇಳೋಣವೆಂದರೆ ಅವಳು ಈಗ ಅವರ ಲೆಕ್ಕದಲ್ಲಿ ಮಗುವಲ್ಲ. ಕೊನೆಗೆ ಆ ಹಳ್ಳಿಯ ಅಂಗನವಾಡಿ ಟೀಚರನ್ನು ಹುಡುಕಿ ಕೇಳಿಸಿದೆ. ಮನೆಯಲ್ಲಿ ಎರಡು ದಿನ ಜಗಳವಾಯಿತಂತೆ, ಅವ್ವ ಮಗಳ ಕಡೆ ನಿಂತಳಂತೆ, ಮದುವೆ ನಿಂತಿತಂತೆ. ಅಷ್ಟೇ ಗೊತ್ತು.

ಈಗಲೂ ದಿನಾ ಅದೇ ಕೆಲಸ ಮಾಡುತ್ತೇನೆ. ಯಾರೋ ತುಂಬಿದ್ದನ್ನು ಸರಿಯೋ ತಪ್ಪೋ ನೋಡುವ ನಿಯಮ ಬರೆಯುತ್ತೇನೆ, ಫೋನಿನಲ್ಲಿ ಬೈಸಿಕೊಳ್ಳುತ್ತೇನೆ, ಸುಸ್ತಾಗಿ ಮನೆಗೆ ಹೋಗುತ್ತೇನೆ. ಆ ಮದುವೆ ಅರ್ಜಿಗೆ ಈ ವರ್ಷ ಒಂದು ಕೆಲಸ ಸೇರಿಸಿದ್ದೇವೆ. ವಯಸ್ಸು ಸರಿ ಇದ್ದರೂ ಪ್ರತಿ ಹುಡುಗಿಗೂ ನಾನೇ ಫೋನ್ ಮಾಡಿ, ಈ ಮದುವೆಗೆ ನಿನಗೆ ಮನಸ್ಸಿದೆಯೇ ಎಂದು ಕೇಳುತ್ತೇನೆ. ಬೇಸರದ ಕೆಲಸ. ಕೆಲವರು ನಾಚಿಕೊಂಡು ನಗುತ್ತಾರೆ, ಕೆಲವರು ಹೂಂ ಅಂದು ಇಡುತ್ತಾರೆ. ಒಬ್ಬೊಬ್ಬಳು ಸುಮ್ಮನಾಗಿಬಿಡುತ್ತಾಳೆ. ಆಗ ನಾನು ಫೋನ್ ಇಡದೆ ಕಾಯುತ್ತೇನೆ.