ಹೊರಟವರನ್ನು ಕೇಳಬಾರದ ಪ್ರಶ್ನೆ

ಮೊನ್ನೆ ಅಡುಗೆಮನೆಯ ಕಪಾಟು ಖಾಲಿ ಮಾಡುವಾಗ ಹೆಂಡತಿಯ ಕೈಗೆ ಒಂದು ಬಿಳಿ ಬಟ್ಟೆ ಸಿಕ್ಕಿತು. ಅಂಗೈಯಗಲದ ಕ್ರೋಶಾ ಬಟ್ಟೆ, ಅಂಚಿಗೆ ಸುತ್ತಲೂ ನೀಲಿ ಮಣಿ. ನೀರಿನ ಗ್ಲಾಸಿನ ಮೇಲೆ ಮುಚ್ಚುವಂಥದ್ದು. ಗಾಳಿಗೆ ಹಾರಬಾರದು ಎಂದು ಮಣಿಯ ಭಾರ. ಅವಳು ಅದನ್ನು ಮೇಜಿನ ಮೇಲಿಟ್ಟಾಗ ಮಣಿಗಳು ಸಣ್ಣಗೆ ಸದ್ದು ಮಾಡಿದವು. ಆ ಸದ್ದಿಗೆ ನನಗೆ ಟೀಚರ್ ಬಾಯಿಯ ಜಗಲಿ ನೆನಪಾಯಿತು...

ದೇರೆಬೈಲಿನಲ್ಲಿ ನಾನು ಮನೆ ಕಟ್ಟಿದಾಗ ಪಕ್ಕದ ಹಂಚಿನ ಮನೆಯಲ್ಲಿ ಅವರು ಒಬ್ಬರೇ ಇದ್ದರು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ಮದುವೆಯಾಗಿರಲಿಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದರು. ಅವರಲ್ಲಿ ಹೆಂಗಸರನ್ನು ಬಾಯಿ ಎಂದು ಕರೆಯುವ ಕ್ರಮ, ಹಾಗೆ ಇಡೀ ರಸ್ತೆಗೆ ಅವರು ಟೀಚರ್ ಬಾಯಿ. ಎದುರು ಸಿಕ್ಕಿದಾಗ ಬರೇ ಟೀಚರ್.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ತಂದೆಯ ದೋಣಿ ಹತ್ತಿದವನು. ನಮ್ಮದು ಹಿಂದಿನಿಂದಲೂ ಕಡಲಿಗೆ ಹೋಗುವ ಕುಟುಂಬ. ಮಗಳು ಹುಟ್ಟಿದ ಮೇಲೆ ದೋಣಿ ತಮ್ಮನಿಗೆ ಬಿಟ್ಟು, ಮೀನು ಸಾಗಿಸುವ ಟೆಂಪೊ ತೆಗೆದುಕೊಂಡೆ. ಮನೆ, ಟೆಂಪೊ, ಮಗಳ ಡಿಗ್ರಿ, ಎಲ್ಲವೂ ನನ್ನ ದುಡಿಮೆಯದ್ದು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಮಗಳಿಗೆ ಪಬ್ಲಿಕ್ ಹೆಲ್ತ್ ಓದಬೇಕೆಂದು ಆಸೆ. ನನಗೆ ಅದು ಎಂತದ್ದೆಂದು ಗೊತ್ತಿರಲಿಲ್ಲ. ಜನರಿಗೆ ಕಾಯಿಲೆ ಬರುವ ಮೊದಲೇ ನೋಡಿಕೊಳ್ಳುವ ಓದು ಎಂದು ಅವಳೇ ಹೇಳಿದಳು. ಒಂದು ವರ್ಷ ಪರೀಕ್ಷೆ ಪಾಸಾಗಿ, ಇಂಟರ್‌ವ್ಯೂಗೆ ಹೋಗಿ, ಸೀಟು ಸಿಗದೆ ಬಂದಳು. ಎಂತ ಕೇಳಿದರು ಎಂದರೆ ಬಾಯಿ ಬಿಡಲಿಲ್ಲ. ಮರುವರ್ಷ ಕೊಚ್ಚಿಯ ಒಂದು ವಿಶ್ವವಿದ್ಯಾಲಯದಿಂದ ಕರೆ ಬಂತು. ಇದೂ ಹೋದರೆ ಮತ್ತೆ ಬರೆಯುವುದಿಲ್ಲ, ಎಲ್ಲಾದರೂ ಕೆಲಸಕ್ಕೆ ಸೇರುತ್ತೇನೆ ಎಂದು ತಾಯಿಯ ಹತ್ತಿರ ಹೇಳಿದ್ದಳಂತೆ.

ಹೆಂಗಸರ ಮಾತು ಕಂಪೌಂಡ್ ಗೋಡೆಯಲ್ಲಿ ನಿಲ್ಲುತ್ತದೆಯೇ? ಮರುದಿನ ಟೆಂಪೊ ತೊಳೆಯುತ್ತಿದ್ದೆ. ಗೋಡೆಯ ಆಚೆಯಿಂದ ಟೀಚರ್ ಕರೆದರು.

“ಮಗಳನ್ನು ಸಂಜೆ ಈಚೆ ಕಳಿಸು. ಇಂಟರ್‌ವ್ಯೂಗೆ ನಾನು ತಯಾರು ಮಾಡ್ತೇನೆ.”

“ನಾವು ಯಾರಿಗೂ ತೊಂದರೆ ಕೊಡುವವರಲ್ಲ ಟೀಚರ್.”

“ತೊಂದರೆ ನನಗಲ್ವಾ? ನಿನಗೆಂತ ಮಾರಾಯ? ನಿನ್ನ ಮರ್ಯಾದೆಗೆ ಕಡಿಮೆ ಆಗ್ತದೆ ಅಂತಿದ್ರೆ ಬಂಗುಡೆ ಕೊಡು. ಕ್ಲೀನ್ ಮಾಡಿಯೇ ಕೊಡ್ಬೇಕು ಮತ್ತೆ. ನನಗೀಗ ಅಷ್ಟೆಲ್ಲ ನಿಲ್ಲಲಿಕ್ಕೆ ಆಗುವುದಿಲ್ಲ.”

ಮೀನಿನ ಲೆಕ್ಕದಲ್ಲಾದರೆ ನನಗೆ ಒಪ್ಪಿಗೆಯಾಯಿತು.

ಅವರು ಜಗಲಿಯನ್ನು ಆಫೀಸಿನ ಹಾಗೆ ಮಾಡಿದ್ದರು. ಊಟದ ಮೇಜನ್ನು ಹೊರಗೆ ತರಿಸಿ ಇತ್ತ ಅವರು, ಅತ್ತ ಮಗಳು. ನಡುವೆ ನೀರಿನ ಗ್ಲಾಸು, ಅದರ ಮೇಲೆ ಈ ಮಣಿಯ ಬಟ್ಟೆ. ಮನೆಯಲ್ಲಿ ಹಾಕುವ ಗೌನು ಬಿಟ್ಟು ಇಸ್ತ್ರಿ ಮಾಡಿದ ಸೀರೆ ಉಟ್ಟು ಕೂರುತ್ತಿದ್ದರು. ಮಗಳು ಪ್ರತಿ ಸಲ ಮೆಟ್ಟಿಲ ಹತ್ತಿರ ನಿಂತು, ಒಳಗೆ ಬರಬಹುದಾ ಎಂದು ಕೇಳಿಯೇ ಬರಬೇಕು.

“ಉತ್ತರ ಬಾರದಿದ್ರೆ ನೀರು ಕುಡಿ ಬಾಯೆ,” ಎನ್ನುತ್ತಿದ್ದರು. “ಬಟ್ಟೆ ತೆಗೆದು, ಮಡಚಿ, ಬದಿಗಿಟ್ಟು, ಮತ್ತೆ ಕುಡಿಯುವುದು. ಅಷ್ಟು ಹೊತ್ತು ಯೋಚನೆ ಮಾಡ್ಲಿಕ್ಕೆ ಸಿಗ್ತದೆ. ನೀರು ಕುಡಿಯುವವರನ್ನು ಯಾರೂ ಬೈಯುವುದಿಲ್ಲ.”

ನಾನು ಬಂಗುಡೆಯ ಪಾತ್ರೆ ಕೊಟ್ಟು ಮೆಟ್ಟಿಲಲ್ಲಿ ಕೂರುತ್ತಿದ್ದೆ. ಪ್ರಶ್ನೆಗಳು ಇಂಗ್ಲಿಷಿನಲ್ಲಿ. ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ಮಗಳ ಮುಖ ನೋಡಿದರೆ ತಿಳಿಯುತ್ತಿತ್ತು. ಓದಿದ್ದನ್ನು ಕೇಳಿದರೆ ಚೆನ್ನಾಗಿಯೇ ಹೇಳುತ್ತಿದ್ದಳು. ಒಂದು ಪ್ರಶ್ನೆಗೆ ಮಾತ್ರ ಪ್ರತಿದಿನ ತಲೆ ತಗ್ಗುತ್ತಿತ್ತು. ಐದು ವರ್ಷ ಕಳೆದ ಮೇಲೆ ಏನು ಮಾಡಿರುತ್ತೀ?

“ನೋಡುವ,” ಎನ್ನುತ್ತಿದ್ದಳು. ಇಂಗ್ಲಿಷಿನಲ್ಲಿಯೂ ಹೆಚ್ಚುಕಡಿಮೆ ಅದನ್ನೇ. ನೀರು ಕುಡಿದರೂ ಅದೇ, ಬಟ್ಟೆ ಮಡಚಿ ಮುಗಿದರೂ ಅದೇ.

ಒಂದು ಸಂಜೆ ಟೀಚರಿಗೆ ಸಿಟ್ಟು ಬಂತು. “ಎಂತ ನೋಡುವ? ಅವರು ನಿನಗೆ ಸೀಟು ಕೊಡುವ ಮೊದಲು ನೋಡ್ಬೇಕಲ್ಲ? ಹೋದ ವರ್ಷವೂ ಇದನ್ನೇ ಹೇಳಿ ಬಂದದ್ದಾ?”

ಮಗಳು ಹೌದೆಂದು ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ನೋಡಿದಳು. ನನಗೆ ಆಗ ತಿಳಿಯಿತು.

“ಅದು ಹಾಗೆ ಟೀಚರ್,” ಎಂದೆ. “ನಮ್ಮಲ್ಲಿ ಮೊದಲೇ ಹೇಳುವ ಕ್ರಮ ಇಲ್ಲ.”

ನಾನು ಬೆಳೆದ ಮನೆಯಲ್ಲಿ ಕಡಲಿಗೆ ಹೊರಟವನನ್ನು ಎಲ್ಲಿಗೆ ಎಂದು ಕೇಳುವಂತಿರಲಿಲ್ಲ. ಇವತ್ತು ಎಷ್ಟು ಮೀನು ಸಿಗಬಹುದು ಎಂದು ಕೇಳುವುದಂತೂ ದೊಡ್ಡ ತಪ್ಪು. ಒಮ್ಮೆ ದಡದಲ್ಲಿ ಯಾರೋ ಹೊಸಬ ನನ್ನ ತಂದೆಯನ್ನು ಹಾಗೆ ಕೇಳಿದ. ತಂದೆ ನೀರಿಗೆ ಇಳಿಸಿದ್ದ ದೋಣಿಯನ್ನು ಮೇಲೆ ಎಳೆಸಿದರು. ಆ ದಿನ ಕಡಲಿಗೆ ಹೋಗಲಿಲ್ಲ. ನಾನು ದೋಣಿ ಬಿಟ್ಟರೂ ಆ ಕ್ರಮ ನಮ್ಮ ಮನೆ ಬಿಡಲಿಲ್ಲ. ಮಗಳು ಶಾಲೆಗೆ ಹೊರಟಾಗಲೂ, ಪರೀಕ್ಷೆಗೆ ಹೊರಟಾಗಲೂ ನಾವು ಏನೂ ಕೇಳಿದವರಲ್ಲ. ಇದನ್ನೆಲ್ಲ ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

ಟೀಚರ್ ನಗಲಿಲ್ಲ. ಮೂಢನಂಬಿಕೆ ಎಂದೂ ಹೇಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

“ದೋಣಿ ತಿರುಗಿ ಬಂದ ಮೇಲೆ?”

“ಬಂದ ಮೇಲೆ ಎಂತ ಬೇಕಾದರೂ ಕೇಳಬಹುದು. ಆಗ ನಮ್ಮವರ ಬಾಯಿ ಮುಚ್ಚಿಸಲಿಕ್ಕೆ ಆಗುವುದಿಲ್ಲ.”

“ಅದು ಕೇಳಿಸ್ತದೆ ನನಗೆ, ಗೋಡೆಯ ಈಚೆಗೂ,” ಎಂದು ಮಗಳ ಕಡೆ ತಿರುಗಿದರು. “ಏಳು. ಗೇಟಿನ ಹೊರಗೆ ಹೋಗಿ ಬಾ.”

“ಯಾಕೆ ಟೀಚರ್?”

“ಹೋಗಿ ಬಾ ಅಂದ್ರೆ ಹೋಗಿ ಬಾ ಮಾರಾಯ್ತಿ.”

ಮಗಳು ಚಪ್ಪಲಿ ಹಾಕಿಕೊಂಡು ಗೇಟು ದಾಟಿದಳು. ರಸ್ತೆಯಲ್ಲಿ ಒಂದು ರಿಕ್ಷಾ ನಿಂತು, ಬರ್ತೀರಾ ಎಂದು ಕೇಳಿತು. ಬೇಡ ಎಂದು ಕೈಯಾಡಿಸಿ ನಗುತ್ತಾ ವಾಪಸ್ ಬಂದು ಕುರ್ಚಿಯಲ್ಲಿ ಕೂತಳು.

“ಈಗ ಐದು ವರ್ಷ ಆಯ್ತು,” ಎಂದರು ಟೀಚರ್. “ನೀನು ಹೋಗಿ ಬಂದೆ. ಎಂತ ಸಿಕ್ಕಿತು ಹೇಳು.”

ಮಗಳು ಗ್ಲಾಸಿನ ಕಡೆ ಕೈ ಚಾಚಿದಳು. ಮಣಿಗಳನ್ನು ಮುಟ್ಟಿದಳು. ಆದರೆ ಬಟ್ಟೆ ತೆಗೆಯಲಿಲ್ಲ. ಮಾತಾಡತೊಡಗಿದಳು... ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ, ನಡುವೆ ತುಳು. ದೋಣಿಗಳು ಮೀನು ಇಳಿಸುವ ಧಕ್ಕೆಯಲ್ಲಿ ಮಂಜುಗಡ್ಡೆಯ ನಡುವೆ ಮೀನು ಬೇರೆ ಮಾಡುವ ಹೆಂಗಸರ ಬಗ್ಗೆ ಹೇಳಿದಳು. ಅವರ ಬೆರಳ ಸಂದುಗಳು ಕೊಳೆಯುತ್ತಿದ್ದವು, ಯಾರೂ ಅದನ್ನು ಕಾಯಿಲೆ ಎಂದು ಎಣಿಸಿರಲಿಲ್ಲ, ತಾನು ಓದಿ ಬಂದು ಅವರ ಕೈ ನೋಡಿದೆ, ಗ್ಲೌಸ್ ಹಾಕಿಸಿದೆ, ಕೈ ಒಣಗಿಸಿಕೊಳ್ಳಲು ಬಿಡುವು ಕೊಡಿಸಿದೆ ಎಂದಳು. ನನ್ನ ತಾಯಿಯ ಕೈ ಹಾಗೆಯೇ ಇತ್ತು. ಅಜ್ಜಿಯ ಕೈಯನ್ನು ಇವಳು ಅಷ್ಟು ನೋಡಿದ್ದಾಳೆಂದು ನನಗೆ ತಿಳಿದಿರಲಿಲ್ಲ.

ಟೀಚರ್ ಕೊನೆಯ ತನಕ ಕೇಳಿಸಿಕೊಂಡರು. ಮುಗಿದ ಮೇಲೆ, “ಇಷ್ಟು ಮೀನು ಇಟ್ಟುಕೊಂಡು ಖಾಲಿ ಬುಟ್ಟಿ ತೋರಿಸಿ ಬಂದದ್ದಾ ನೀನು?” ಎಂದರು. “ಅಲ್ಲಿಯೂ ಹೀಗೇ ಹೇಳು. ನಮ್ಮ ಮನೆಯಲ್ಲಿ ಮೊದಲೇ ಹೇಳುವುದಿಲ್ಲ, ಹೋಗಿ ಬಂದ ಹಾಗೆ ಹೇಳ್ತೇನೆ, ಆಗಬಹುದಾ ಅಂತ ಕೇಳು. ಬೇಡ ಅನ್ನುವವರು ಯಾರು, ನಾನೂ ನೋಡ್ತೇನೆ.”

ಅಲ್ಲಿಂದ ಮುಂದೆ ಪ್ರತಿ ಸಂಜೆ ಮಗಳು ಗೇಟಿನ ಹೊರಗೆ ಹೋಗಿ ಬರುವುದು. ರಿಕ್ಷಾದವರಿಗೂ ಅಭ್ಯಾಸವಾಗಿ ನಿಲ್ಲಿಸುವುದನ್ನು ಬಿಟ್ಟರು.

ಮಗಳು ಕೊಚ್ಚಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಟೀಚರ್ ಒಂದು ಬ್ಯಾಗು ಹಿಡಿದು ಗೇಟಿನಲ್ಲಿ ನಿಂತಿದ್ದರು. ರಿಕ್ಷಾ ಬಂದಿತ್ತು. ಮಗಳು ಮನೆಯಲ್ಲಿರಲಿಲ್ಲ, ಅಂಗಿ ಹೊಲಿಸಿದ್ದನ್ನು ತರಲು ಹೋಗಿದ್ದಳು. ನಾನು ಬ್ಯಾಗು ಎತ್ತಿ ಒಳಗಿಟ್ಟೆ.

“ಎಲ್ಲಿಗೆ ಅಂತ ಕೇಳುವುದಿಲ್ಲ ಅಲ್ವಾ ನೀನು?” ಎಂದರು.

“ಕೇಳುವುದಿಲ್ಲ ಟೀಚರ್.”

“ಒಳ್ಳೆಯದು.” ರಿಕ್ಷಾದಲ್ಲಿ ಕೂತು ಸೀರೆಯ ನೆರಿಗೆ ಸರಿ ಮಾಡಿಕೊಂಡರು. “ನಾಳೆ ನೀರು ಕುಡಿಯಲಿಕ್ಕೆ ಮರೆಯಬಾರದು ಅಂತ ಹೇಳು ಅವಳಿಗೆ. ಬರ್ತೇನೆ ಆಯ್ತಾ.”

“ಹೋಗಿ ಬನ್ನಿ,” ಎಂದೆ.

ಬಜಪೆಯಲ್ಲಿರುವ ಅವರ ಅಕ್ಕನ ಮಗಳ ಮನೆಗೆ ಇರಬೇಕು ಎಂದುಕೊಂಡೆ. ಅವರು ಹೋದದ್ದು ಆಸ್ಪತ್ರೆಗೆ, ಆಪರೇಷನ್‌ಗೆ. ತಿಂಗಳುಗಳಿಂದ ಅವರಿಗೆ ಗೊತ್ತಿತ್ತಂತೆ. ಹುಡುಗಿಯ ಇಂಟರ್‌ವ್ಯೂ ತಯಾರಿ ಮುಗಿಯಲಿ ಎಂದು ದಿನ ಮುಂದೆ ಹಾಕಿಸಿದ್ದರಂತೆ. ಇದೆಲ್ಲ ಆ ಅಕ್ಕನ ಮಗಳು ಆಮೇಲೆ ಹೇಳಿದ್ದು.

ಮಗಳು ಕೊಚ್ಚಿಯಿಂದ ಫೋನ್ ಮಾಡಿ, “ಅದೇ ಪ್ರಶ್ನೆ ಕೇಳಿದ್ರು ಅಪ್ಪ, ಗೇಟಿನ ಹೊರಗೆ ಹೋಗಿ ಬಂದ ಹಾಗೇ ಹೇಳಿದೆ,” ಎಂದಳು. ಟೀಚರಿಗೆ ಅದನ್ನು ಎದುರು ಕೂತೇ ಹೇಳಬೇಕೆಂದಿದ್ದಳು. ಅವಳು ರೈಲಿನಿಂದ ಇಳಿಯುವಾಗ ಟೀಚರ್ ಐಸಿಯುನಲ್ಲಿದ್ದರು. ನಮ್ಮನ್ನು ಒಳಗೆ ಬಿಡಲಿಲ್ಲ. ಗಾಜಿನ ಬಾಗಿಲಿನ ಈಚೆ ನಿಂತು ಬಂದೆವು... ಆ ವಾರ ಮುಗಿಯುವುದರೊಳಗೆ ಅವರನ್ನು ಮನೆಗೆ ತಂದರು. ಅದೇ ಜಗಲಿಯಲ್ಲಿ ಇಟ್ಟರು, ಅಲ್ಲಿಂದ ಇಗರ್ಜಿಯ ಪ್ರಾರ್ಥನೆಗೆ, ಮತ್ತೆ ಮಣ್ಣಿಗೆ. ಸೀಟು ಸಿಕ್ಕಿದ ಸುದ್ದಿ ಬಂದದ್ದು ಅದರ ನಂತರ. ಮನೆ ಖಾಲಿ ಮಾಡುವಾಗ ಅಕ್ಕನ ಮಗಳು ಈ ಬಟ್ಟೆಯನ್ನು ನಮಗೆ ಕೊಟ್ಟಳು.

ಮಗಳು ಈಗ ಓದು ಮುಗಿಸಿ ಕೆಲಸದಲ್ಲಿದ್ದಾಳೆ. ಬಂದರುಗಳಿಗೆ ಹೋಗಿ ಹೆಂಗಸರ ಕೈ ನೋಡುವ ಕೆಲಸವೇ. ಜಗಲಿಯಲ್ಲಿ ಹೇಳಿದ್ದೆಲ್ಲ ಆಗಿಲ್ಲ, ಸ್ವಲ್ಪ ಆಗಿದೆ. ಪಕ್ಕದ ಮನೆಗೆ ಬಾಡಿಗೆಯವರು ಬಂದಿದ್ದಾರೆ. ಒಳ್ಳೆಯ ಜನ. ಜಗಲಿಯಲ್ಲಿ ಬೈಕು ನಿಲ್ಲಿಸುತ್ತಾರೆ.

ಬಟ್ಟೆ ಸಿಕ್ಕಿದ ಮರುದಿನ ಬೆಳಿಗ್ಗೆ ಮಗಳು ಬ್ಯಾಗು ಹಾಕಿಕೊಂಡು ಹೊರಟಿದ್ದಳು. ನಾನು ಟೆಂಪೊ ತೊಳೆಯುತ್ತಿದ್ದೆ. ಅವಳು ಗೇಟಿಗೆ ಕೈ ಹಾಕಿದಾಗ ಪೈಪು ಕೆಳಗೆ ಹಾಕಿ ಕೇಳಿದೆ.

“ಎಲ್ಲಿಗೆ?”

ಹೆಂಡತಿ ಅಡುಗೆಮನೆಯಿಂದ, “ನಿಮಗೆ ತಲೆ ಸರಿ ಉಂಟಾ?” ಎಂದಳು. ಮಗಳು ಗೇಟಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು.

“ಮಲ್ಪೆಗೆ ಅಪ್ಪ. ಗುರುವಾರ ಸಂಜೆ ಬರ್ತೇನೆ.”

“ಆಯ್ತು,” ಎಂದೆ. ಪೈಪು ಎತ್ತಿಕೊಂಡೆ.