ಸ್ಪೋರ್ಟ್ಸ್ ಬೈಕಿಗೊಂದು ಸೀರೆ ಗಾರ್ಡು

ಇವತ್ತು ಬೆಳಿಗ್ಗೆ ಒಂದು ಸ್ಪೋರ್ಟ್ಸ್ ಬೈಕಿನ ಹಿಂದಿನ ಸೀಟು ಎತ್ತಿದೆ. ಒಳಗಿನಿಂದ ಒಣಕೊಬ್ಬರಿಯ ವಾಸನೆ ಬಂತು. ಹಾವೇರಿಯಲ್ಲಿ ಗಾಡಿ ಸಿಂಗರಿಸುವ ಅಂಗಡಿ ಇಟ್ಟಂದಿನಿಂದ ಸೀಟುಗಳ ಕೆಳಗೆ ನಾನು ಏನೇನೋ ಕಂಡಿದ್ದೇನೆ. ಹರಿದ ರೇನ್‌ಕೋಟು, ಮಡದಿಗೆ ಕಾಣಬಾರದ ಸಿಗರೇಟು, ಒಮ್ಮೆ ಮರಿಗಳ ಸಮೇತ ಒಂದು ಇಲಿ. ಆದರೆ ಬಟ್ಟಲು ಕೊಬ್ಬರಿ ಇಟ್ಟುಕೊಂಡು ತಿರುಗುವ ಬೈಕು ಈ ಸೀಮೆಗೆಲ್ಲ ಒಂದೇ. ಅದು ಕರ್ಜಗಿಯ ಬಸ್ಯಾನದು. ಬಸ್ಯಾ ಎದುರಿಗೇ ನಿಂತು ಹಲ್ಲು ಕಿರಿಯುತ್ತಿದ್ದ.

ಕತೆ ಹೇಳುತ್ತೇನೆ. ಅದಕ್ಕೂ ಮೊದಲು ನನ್ನ ಬಗ್ಗೆ ಎರಡು ಮಾತು, ಇಲ್ಲದಿದ್ದರೆ ನನ್ನ ಸಲಹೆಗಳಿಗೆ ನೀವು ಕಿಮ್ಮತ್ತು ಕೊಡುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಗೇಟಿನ ಹೊರಗೆ ಗೋಣಿಚೀಲ ಹಾಸಿ, ಲಾರಿ ಡ್ರೈವರುಗಳಿಗೆ ಬಣ್ಣದ ಗೊಂಡೆ ಮಾರುತ್ತ ನಾನು ಧಂದೆ ಶುರು ಮಾಡಿದವನು. ಮೆಣಸಿನಕಾಯಿ ಘಾಟಿಗೆ ಸೀನುತ್ತ ಸೀನುತ್ತಲೇ ವ್ಯಾಪಾರ ಕಲಿತೆ. ಅಲ್ಲಿ ಕಲಿತದ್ದು ಒಂದೇ ಪಾಠ, ನೀವೂ ಬೇಕಾದರೆ ಬರೆದಿಟ್ಟುಕೊಳ್ಳಿ: ಹೆಂಡತಿಗೆ ಸೀರೆ ಕೊಳ್ಳುವಾಗ ಅಂಗಡಿಯವನ ಜೀವ ಹಿಂಡುವ ಗಂಡಸು, ತನ್ನ ಗಾಡಿಗೆ ಗೊಂಡೆ ಕೊಳ್ಳುವಾಗ ಮದುಮಗನ ಹಾಗೆ ನಾಚಿಕೊಂಡು ಹೂಂ ಅನ್ನುತ್ತಾನೆ. ಚೌಕಾಸಿ ಮಾಡುವುದಿಲ್ಲ. ಆ ನಾಚಿಕೆಯ ಮೇಲೆಯೇ ನನ್ನ ಅಂಗಡಿಯ ಗೋಡೆಗಳು ಎದ್ದಿವೆ.

ನಾನು ಮಾತ್ರ ಗೊಂಡೆ ಕಟ್ಟುವವನಲ್ಲ. ನನ್ನದು ಹಳೇ ಬೈಕು. ಹಿಂದಿನ ಸೀಟಿಗೆ ತಗಡಿನ ಪೆಟ್ಟಿಗೆ ಬಿಗಿದಿದ್ದೇನೆ. ಅದರಲ್ಲಿ ಸ್ಟಿಕರು, ಕನ್ನಡಿ, ಹಾರ್ನು ಎಲ್ಲ ಊರೂರು ತಿರುಗುತ್ತವೆ. ನನ್ನ ಹೆಂಡತಿ ರಾಣೇಬೆನ್ನೂರಿನ ತವರಿಗೆ ಬಸ್ಸಿನಲ್ಲಿ ಹೋಗುತ್ತಾಳೆ. ಬಸ್ಸು ಸುರಕ್ಷಿತ ಎಂಬುದು ನನ್ನ ಸಲಹೆ.

ಈಗ ಬಂದಿರುವ ಸ್ಪೋರ್ಟ್ಸ್ ಬೈಕುಗಳನ್ನು ನೀವು ನೋಡಿರಬೇಕು. ಮುಂದೆ ತಲೆ ತಗ್ಗಿಸಿ, ಹಿಂದೆ ಬಾಲ ಎತ್ತಿ ನಿಂತಿರುತ್ತವೆ. ಮೇಲೆ ಕೂತವನು ರಸ್ತೆಯಲ್ಲಿ ಉಂಗುರ ಕಳೆದುಕೊಂಡು ಹುಡುಕುತ್ತಿರುವವನ ಹಾಗೆ ಬಗ್ಗಿರುತ್ತಾನೆ. ಬಸ್ಯಾ ಅಂಥದೊಂದನ್ನು ಹೊಡೆದುಕೊಂಡು ಬಂದದ್ದು ಎರಡು ದೀಪಾವಳಿಯ ಹಿಂದೆ, ಹಬ್ಬಕ್ಕೆ ಇನ್ನೂ ಸಮಯವಿದ್ದಾಗ. ಅವನಿಗೆ ಒಂಟಿ ಸೀಟಿನ ಕೌಲು ಬೇಕಿತ್ತು. ಕೌಲು ಎಂದರೆ ಹಿಂದಿನ ಸೀಟು ಕಿತ್ತು ಅದರ ಜಾಗದಲ್ಲಿ ಕೂರಿಸುವ ಪ್ಲಾಸ್ಟಿಕ್ಕಿನ ಉಬ್ಬು. ಅದನ್ನು ಹಾಕಿದರೆ ಬೈಕು ರೇಸಿನದರಂತೆ ಕಾಣುತ್ತದೆ, ಹಿಂದೆ ನೊಣವೂ ಕೂರಲಾರದು. ಕೌಲು ಹಾಕಿಕೊಟ್ಟೆ, ಕಿತ್ತ ಸೀಟನ್ನು ಅಟ್ಟಕ್ಕೆ ಹಾಕಿದೆ. ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದಂತೆ ಕಂಪನಿಯವರು ಹಾಕಿರುವ ಸೀರೆ ಗಾರ್ಡು ಇರುತ್ತದಲ್ಲ, ಹಿಂದೆ ಕೂತವರು ಹಿಡಿದುಕೊಳ್ಳುವ ಹಿಡಿಕೆಯ ಜೊತೆಗೆ ಅದನ್ನೂ ಬಿಚ್ಚಿದೆ. “ಇವೆರಡೂ ಗುಜರಿಗೆ ಒಗೀರಿ ಅಣ್ಣಾರ” ಅಂದ. ಒಗೆದೆ. ಹೇಳಿದ ರೇಟಿಗೆ ನಾಚಿಕೊಂಡು ಹೂಂ ಅಂದು ಹೋದ.

ಮರುದಿನ ಬಸ್ಸಿಳಿದು ಒಬ್ಬಳು ಅಜ್ಜಿ ಬಂದಳು. ಕಂಕುಳಲ್ಲಿ ಟವೆಲು ಸುತ್ತಿದ ಏನೋ ಒಂದು, ಕೂಸಿನ ಹಾಗೆ. ಟವೆಲು ಬಿಚ್ಚಿದರೆ ನಾನು ಮಾರಿದ ಕೌಲು.

“ಇದನ್ನ ಹಚ್ಚಿದಾಂವ ನೀನ ಏನ ತಮ್ಮಾ?”

“ಹೌದ್ರಿ ಅಕ್ಕಾರ. ಬರ್ರಿ, ಕುಂದರ್ರಿ.”

“ಎಲ್ಲಿ ಕುಂದರ್ಲಿ? ಅದನ್ನ ಕೇಳಾಕ ಬಂದೇನಿ. ಬಸ್ಯಾನ ಅವ್ವ ನಾನು, ಗಂಗವ್ವ. ನಾ ಕುಂದ್ರೂ ಜಾಗಾ ಕಿತ್ತು ಡುಬ್ಬ ಹಚ್ಚಿ ಕಳಿಸೀಯಲ್ಲ!”

“ಅದು ಈಗಿನ ಸ್ಟೈಲ್ ಐತ್ರಿ.”

“ಡುಬ್ಬ ಹೋರಿಗೆ ಚಂದ. ಹೋರಿ ಸಿಂಗಾರ ಮಾಡಿ ಕೈ ಸವದಾವ ನನ್ನೂವು. ನನಗ ಸ್ಟೈಲ್ ಹೇಳಬ್ಯಾಡ ನೀ.”

ಇಲ್ಲಿಯವರಲ್ಲದವರಿಗೆ ಒಂದು ಮಾತು. ನಮ್ಮ ಕಡೆ ದೀಪಾವಳಿಯೆಂದರೆ ಪಟಾಕಿಗಿಂತ ಹೋರಿ. ಪಾಡ್ಯದ ದಿನ ಹೋರಿಯ ಮೈತುಂಬ ಕೊಬ್ಬರಿ ಸರ ಕಟ್ಟಿ ಓಣಿಯಲ್ಲಿ ಓಡಿಸುತ್ತಾರೆ, ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯುತ್ತಾರೆ. ಯಾರ ಕೈಗೂ ಸಿಗದೆ ಓಡಿದ ಹೋರಿಯ ಹೆಸರನ್ನೂ ಸಾಕಿದವರ ಹೆಸರನ್ನೂ ಮೈಕಿನಲ್ಲಿ ಕೂಗುತ್ತಾರೆ. ಗಂಗವ್ವನ ಹೋರಿಯ ಹೆಸರು ಬಿರುಗಾಳಿ. ಪ್ರತಿವರ್ಷ ಅದರ ಹೆಸರಿನ ಬೆನ್ನಿಗೇ ಅವಳ ಹೆಸರೂ ಓಣಿಯಲ್ಲಿ ಮೊಳಗುತ್ತಿತ್ತು. ಆ ವರ್ಷ ಮಗ ದುಂಬಾಲು ಬಿದ್ದು ಬಿರುಗಾಳಿಯನ್ನು ಗುತ್ತಲದವರಿಗೆ ಮಾರಿಸಿ ಬೈಕು ತಂದಿದ್ದ. ಅವಳು ಒಪ್ಪಿದ್ದು ಒಂದೇ ಕರಾರಿನ ಮೇಲೆ: ಪಾಡ್ಯದ ದಿನ ಹೋರಿಯ ಬದಲು ಬೈಕಿನ ಮೇಲೆ ಅವಳನ್ನು ಆ ಓಣಿಯಲ್ಲಿ ಕರೆದುಕೊಂಡು ಹೋಗಬೇಕು.

“ಖಾಲಿ ಕೈಲೆ ಬಾಗಲದಾಗ ನಿಂತು ಮಂದಿ ಹೋರಿ ನೋಡ್ಲೇನೋ ತಮ್ಮಾ?” ಅಂದಳು. ಅಷ್ಟು ಹೊತ್ತಿನ ಜೋರು ಆ ಒಂದು ಮಾತಿನಲ್ಲಿ ಇಳಿದುಹೋಗಿತ್ತು.

ಬಸ್ಯಾನಿಗೆ ಫೋನು ಮಾಡಿ ಕರೆಸಿದೆ. ತಾಯಿ ಒಂದು ಸ್ಟೂಲಿನ ಮೇಲೆ, ಮಗ ಒಂದು ಸ್ಟೂಲಿನ ಮೇಲೆ, ನಡುವೆ ದಲಾಲಿಯಾಗಿ ನಾನು. ದಲಾಲಿ ನನ್ನ ರಕ್ತದಲ್ಲಿದೆ. ದಲಾಲಿಯೆಂದರೆ ಯಾರೂ ಸೋತೆನೆಂದುಕೊಳ್ಳದ ಹಾಗೆ ಎಲ್ಲರಿಂದಲೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಿಸುವುದು. ಒಂದು ಸಾಮಾನು ಅವಳ ಮಾತಿನಂತೆ, ಒಂದು ಅವನ ಮಾತಿನಂತೆ ಎಂದು ಗೊತ್ತುಮಾಡಿದೆ.

“ಹಿಂದಿನ ಸೀಟು ವಾಪಸ್” ಅಂದಳು ಅವ್ವ.

“ಹಂಗಾರ ಬಣ್ಣ ನನ್ನದು. ಕೆಂಪು” ಅಂದ ಮಗ.

ಕೆಂಪು ಸ್ಟಿಕರಿನ ಸುರುಳಿ ಬಿಚ್ಚಿದೆ. ಗಂಗವ್ವ ಮೂಗು ಮುರಿದು, ಸಂಚಿಯಿಂದ ಒಂದು ಬ್ಯಾಡಗಿ ಮೆಣಸಿನಕಾಯಿ ತೆಗೆದು ಅದರ ಮೇಲಿಟ್ಟಳು. “ಇದಕ್ಕ ಕೆಂಪು ಅಂತಾರ. ನಿಂದು ಬರೇ ಕಣ್ಣಿಗೆ ಉರಿ.” ಬಸ್ಯಾ ಬಗ್ಗಿ ನೋಡಿದ. ನಾನೂ ನೋಡಿದೆ. ಮೆಣಸಿನಕಾಯಿಯನ್ನು ಮುಂದಿಟ್ಟುಕೊಂಡೇ ಉಳಿದ ಸುರುಳಿಗಳನ್ನೆಲ್ಲ ಬಿಚ್ಚಿ, ಕಪ್ಪಿಗೆ ತಿರುಗಿದ ಒಂದು ಕೆಂಪು ಹುಡುಕಿದೆವು. ಹೀಗೆ ಮಗನ ಪಾಲಿಗೆ ಬಂದ ಬಣ್ಣವೂ ಅವ್ವನದೇ ಆಯಿತು. ಅವನಿಗೆ ಅದು ತಿಳಿಯಲಿಲ್ಲ, ನಾನು ಹೇಳಲಿಲ್ಲ.

ಆಮೇಲೆ ಬಂತು ಸೀರೆ ಗಾರ್ಡು.

“ಅಣ್ಣಾರ, ಅದೊಂದು ಬ್ಯಾಡ್ರಿ. ಹಾಲಿನ ಕ್ಯಾನ್ ಕಟ್ಟೂ ಗಾಡಿ ಕಂಡಂಗ ಕಾಣತೈತಿ.”

“ಸೀರಿ ಗಾಲ್ಯಾಗ ಸಿಕ್ಕು ನಿಮ್ಮವ್ವ ಬಿದ್ಲಂದ್ರ ಹೆಂಗ ಕಾಣತೈತಲೇ?” ಗಂಗವ್ವ ಗದರಿದಳು.

“ಪಂಜಾಬಿ ಡ್ರೆಸ್ ಹಾಕ್ಕೋಬೇ!”

ಅವಳು ಮಗನನ್ನು ನೋಡಿದ ನೋಟಕ್ಕೆ ನಾನು ಸ್ಟೂಲನ್ನು ಸ್ವಲ್ಪ ಹಿಂದೆ ಸರಿಸಿದೆ. ಆದರೆ ಹಳೇ ಗಾರ್ಡು ಗುಜರಿ ಸೇರಿಯಾಗಿತ್ತು. ರಾಣೇಬೆನ್ನೂರಿನ ನನ್ನ ಪರಿಚಯದ ವೆಲ್ಡಿಂಗಿನವನು ಹೊಸದು ಮಾಡಿಕೊಡುತ್ತಾನೆಂದೆ. ಗಂಗವ್ವ ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದಳು. “ಪೈಪು ಹಿಂಗ ಬಗ್ಗಸಾಕ ಹೇಳು. ತುದಿ ಮ್ಯಾಲ ಏಳ್ಲಿ, ಬಿರುಗಾಳಿ ಕೋಡಿನಂಗ.” ಬಸ್ಯಾ ಗಾಳಿಯಲ್ಲಿದ್ದ ಆ ಗೆರೆಯನ್ನೇ ನೋಡಿದ. “ಎರಡೂ ಕಡೆ ಹಚ್ಚಿದ್ರ ಬರೋಬ್ಬರಿ ಕಾಣತೈತಿ ಅಲ್ರೀ ಅಣ್ಣಾರ?” ಅಂದ.

ಏಳುವ ಮೊದಲು ಅವಳು ನನ್ನ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಲಾರಿ ಗೊಂಡೆಗಳನ್ನು ಹ್ಯಾಂಡಲ್ಲಿಗೆಂದು ಕೇಳಿ ಇಸಿದುಕೊಂಡಳು. ಹೊಸ ಹಿಡಿಕೆಯನ್ನೂ ಪುಕ್ಕಟೆ ಹಾಕಿಸಿಕೊಂಡಳು. ಅದು ಹೇಗೆ ಆಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೌಲನ್ನಾದರೂ ವಾಪಸು ಕೊಡಿ ಅಂದೆ. “ಇರಲಿ, ಯಾತಕ್ಕರ ಬರತೈತಿ” ಎಂದು ಮತ್ತೆ ಟವೆಲು ಸುತ್ತಿಕೊಂಡಳು.

ಪಾಡ್ಯದ ದಿನ ನಾನೂ ಕರ್ಜಗಿಗೆ ಹೋದೆ. ನನ್ನ ಕೈಕೆಲಸ ನೋಡುವ ಆಸೆ. ಹೋರಿಗಳೆಲ್ಲ ಓಡಿ ಮುಗಿದ ಮೇಲೆ ಬೈಕು ಓಣಿಗೆ ಬಂತು. ಮೆಣಸಿನಕಾಯಿ ಕೆಂಪು, ಗೊಂಡೆ, ಹಿಂದೆ ಕೋಡಿನಂಥ ಸೀರೆ ಗಾರ್ಡು. ಗಂಗವ್ವ ಇಳಕಲ್ ಸೀರೆಯುಟ್ಟು ಒಂದು ಬದಿಗೆ ಕಾಲು ಇಳಿಬಿಟ್ಟು ಕೂತಿದ್ದಾಳೆ. ಅಷ್ಟೇ ಆಗಿದ್ದರೆ ಮಾತು ಬೇರೆ. ನಮಗ್ಯಾರಿಗೂ ಹೇಳದೆ ಅವಳು ಬೈಕಿನ ಸುತ್ತ ಕೊಬ್ಬರಿ ಸರ ಕಟ್ಟಿದ್ದಳು.

ನಮ್ಮ ಸೀಮೆಯ ಹುಡುಗರಿಗೆ, ಆ ದಿನ, ಆ ಓಣಿಯಲ್ಲಿ ಕೊಬ್ಬರಿ ಕಂಡರೆ ಕೈ ತಡೆಯುವುದಿಲ್ಲ. ಅದು ಯಾರ ಮೈಮೇಲಿದೆ ಎಂದೂ ನೋಡುವುದಿಲ್ಲ. ಒಂದು ಗಳಿಗೆ ಎಲ್ಲರೂ ಬಾಯಿ ಬಿಟ್ಟು ನಿಂತರು. ಆಮೇಲೆ ಯಾವನೋ ಕೂಗಿದ: “ಹರೀರಲೇ!”

ಮಂದಿ ನಡುವೆ ಗಾಡಿ ಮೆಲ್ಲಗೆ ಓಡಿಸು ಎಂದು ಬಸ್ಯಾನಿಗೆ ಸಲಹೆ ಕೊಟ್ಟಿದ್ದವನು ನಾನೇ. ಅವನು ಅದನ್ನು ಪಾಲಿಸಿದ. ಮಿಂಚಿನ ವೇಗಕ್ಕೆಂದು ಹುಟ್ಟಿದ ಬೈಕು ಮೊದಲನೇ ಗೇರಿನಲ್ಲಿ ಗುರುಗುಟ್ಟುತ್ತ ತೆವಳುತ್ತಿದೆ, ಸುತ್ತ ಹುಡುಗರ ಹಿಂಡು. “ಸ್ಕ್ರ್ಯಾಚ್ ಮಾಡಬ್ಯಾಡ್ರಲೇ! ಹೊಸಾ ಸ್ಟಿಕರ್ ಐತ್ರಲೇ!” ಎಂದು ಬಸ್ಯಾ ಹೆಲ್ಮೆಟಿನೊಳಗಿಂದ ಅಳುತ್ತಿದ್ದಾನೆ. ಗಂಗವ್ವ ಸೆರಗಿನ ಮರೆಯಿಂದ ಅದೇ ಕೌಲು ತೆಗೆದಳು. ಒಂದು ಕೈಯಲ್ಲಿ ನನ್ನ ಪುಕ್ಕಟೆ ಹಿಡಿಕೆ ಬಿಗಿಯಾಗಿ ಹಿಡಿದು, ಇನ್ನೊಂದರಲ್ಲಿ ಕೌಲು ಬೀಸುತ್ತ ಬಂದ ಬಂದವರ ತಲೆಗೆ ಟಪ್ ಟಪ್ ಕೊಟ್ಟಳು.

“ಬಾರಲೇ, ನೀನೂ ಬಾ! ನಿಮ್ಮಪ್ಪಗ ಸಿಗಲಿಲ್ಲ ನನ್ನ ಹೋರಿ, ನಿನಗ ಸಿಗತೈತೇನು?”

ಒಬ್ಬ ದಾಂಡಿಗ ಸೀರೆ ಗಾರ್ಡಿಗೇ ಜೋತುಬಿದ್ದ. ಗಾರ್ಡು ಅಲುಗಲಿಲ್ಲ. ಆ ವೆಲ್ಡಿಂಗನ್ನು ನಾನು ಯಾರ ಮುಂದೆ ಬೇಕಾದರೂ ಹೊಗಳುತ್ತೇನೆ. ಓಣಿಯ ತುದಿ ಮುಟ್ಟುವಾಗ ಸರದಲ್ಲಿ ಉಳಿದದ್ದು ಒಂದೇ ಬಟ್ಟಲು. ಒಂದಾದರೂ ಉಳಿಯಿತಲ್ಲ! ಅವಳು ಇಳಿದು ಸೆರಗು ಸರಿಮಾಡಿಕೊಂಡು ನಿಂತು, ಮೈಕಿನವನ ಕಡೆ ನೋಡಿದಳು. ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ, ಆದರೂ ಕೂಗಿದ: “ಕರ್ಜಗಿ ಬಿರುಗಾಳಿ! ಈ ವರ್ಷ ಪೆಟ್ರೋಲ್ ಮ್ಯಾಲ ಓಡೇತ್ರಿ! ಸಾಕಿದಾಕಿ, ನಮ್ಮ ಗಂಗವ್ವ!”

ಓಣಿಗೆ ಓಣಿಯೇ ಶಿಳ್ಳೆ ಹೊಡೆಯಿತು. ಗಂಗವ್ವ ಯಾರ ಕಡೆಯೂ ನೋಡದೆ ಬೈಕಿನ ಟ್ಯಾಂಕನ್ನು ಮೆಲ್ಲಗೆ ತಟ್ಟಿದಳು, ಹೋರಿಯ ಬೆನ್ನು ತಟ್ಟುವ ಹಾಗೆ. ಉಳಿದ ಆ ಬಟ್ಟಲನ್ನು ಸೀಟಿನ ಕೆಳಗೆ ಇಡಿಸಿದಳು.

ಹಾಗೆ ಇಟ್ಟದ್ದೇ ಇವತ್ತು ಬೆಳಿಗ್ಗೆ ನನ್ನ ಮೂಗಿಗೆ ಬಡಿದದ್ದು. ಬಸ್ಯಾ ಹೊಸ ಸ್ಟಿಕರಿಗೆ ಬಂದಿದ್ದ. “ಸೀರೆ ಗಾರ್ಡ್ ತಗೀಲೇನು? ಈಗ ಯಾರೂ ಇಟ್ಕೊಳ್ಳೂದಿಲ್ಲ” ಎಂದು ಸುಮ್ಮನೆ ಕೆಣಕಿದೆ.

“ಹೋಗ್ರಿ ಅಣ್ಣಾರ, ಕೋಡು ಮುರೀತೀರೇನು? ಅದಿಲ್ಲಂದ್ರ ಗಾಡಿ ಬೋಳು ಕಾಣತೈತಿ.”

“ಕೌಲ್ ಎಲ್ಲೈತಿ?”

“ಅದರಾಗ ಕೋಳಿ ತತ್ತಿ ಇಡತೈತ್ರಿ.”

ಅವನು ಹೋದ ಮೇಲೆ ಹೊರಗೆ ನಿಂತಿದ್ದ ನನ್ನ ಹಳೇ ಬೈಕು ಕಣ್ಣಿಗೆ ಬಿತ್ತು. ತಗಡಿನ ಪೆಟ್ಟಿಗೆ ಹಿಂದಿನ ಸೀಟಿನ ಮೇಲೆ ದೊಡ್ಡ ಮನುಷ್ಯನ ಹಾಗೆ ಕೂತಿತ್ತು. ಸ್ಪಾನರು ತಂದು ಬಿಚ್ಚಿ ಕೆಳಗಿಳಿಸಿದೆ. ಕೆಳಗಿದ್ದ ಸೀಟು ಇನ್ನೂ ಹೊಸದರ ಹಾಗೇ ಇತ್ತು. ಹೆಂಡತಿಗೆ ಫೋನು ಮಾಡಿದೆ.

“ತವರಿಗೆ ಹೋಗಬೇಕಂದಿದ್ದಿಯಲ್ಲಾ, ಗಾಡಿ ಮ್ಯಾಲ ಹೋಗೂಣೇನು?”

“ಪೆಟಿಗಿ ಮ್ಯಾಲ ಕುಂದರ್ಲ್ಯಾ?”

“ಇಳಿಸೇನಿ.”

ಅವಳು ಮತ್ತೆ ಕೇಳಿದಳು: “ಸೀರಿ ಗಾರ್ಡ್ ಐತೇನು?”

ಬಗ್ಗಿ ನೋಡಿದೆ. ಇರಲಿಲ್ಲ. ಯಾವಾಗಲೋ ಯಾವುದೋ ಗಿರಾಕಿಗೆ ನಾನೇ ಮಾರಿದ್ದೆ.

“ಹಚ್ಚಿಸ್ಕೊಂಡು ಬರ್ರಿ” ಅಂದು ಫೋನಿಟ್ಟಳು.

ರಾಣೇಬೆನ್ನೂರಿನ ವೆಲ್ಡಿಂಗಿನವನ ಜೊತೆ ಈಗಷ್ಟೇ ಫೋನಿನಲ್ಲಿ ಮಾತಾಡಿದೆ. ಗಂಗವ್ವನ ನಮೂನೆಯದೇ ಬೇಕು, ತುದಿ ಮೇಲೆದ್ದಿರಬೇಕು, ಎರಡೂ ಕಡೆ ಬೇಕು ಅಂದೆ. ಅವನು ರೇಟು ಹೇಳಿದ. ಜಾಸ್ತಿಯೇ ಹೇಳಿದ, ನನಗೆ ಗೊತ್ತು. ನಾನು ನಾಚಿಕೊಂಡು ಹೂಂ ಅಂದೆ.