ಬಳ್ಳಿಯಿಲ್ಲದ ಕಪ್ಪೆ

ಈಶ್ವರಮಂಗಲದ ಸುತ್ತಮುತ್ತ ಬ್ಯಾರಿ ಮುಸ್ಲಿಮರ ಮನೆಯಲ್ಲಿ ಮದುವೆಯೆಂದರೆ ಮದುಮಗಳಿಗೆ ಮದರಂಗಿ ಇಡಲು ನಶೀದಾಳೇ ಬೇಕು. ಕೋನು ಹಿಡಿದು ಕೂತಳೆಂದರೆ ಅಂಗೈಯಲ್ಲಿ ಸಾಸಿವೆಯಷ್ಟೂ ಜಾಗ ಖಾಲಿ ಬಿಡುವವಳಲ್ಲ. ಅವಳ ಮಾತೂ ಅಷ್ಟೇ, ಎದುರಿನವರಿಗೆ ಬಾಯಿ ಹಾಕಲು ಸಂದು ಸಿಗುವುದಿಲ್ಲ.

ಮಗಳು ಹಸ್ನಾಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಇಂಥ ಮಕ್ಕಳಿಗೆ ದೂರದಲ್ಲಿ ಹಾಸ್ಟೆಲ್ ಉಂಟು ಎಂದವರಿಗೆಲ್ಲ ನಶೀದಾ ಕೊಟ್ಟ ಉತ್ತರ ಒಂದೇ: "ನಿಮ್ಮ ಮಗುವನ್ನು ಮೊದಲು ಕಳಿಸಿ." ಹಟ ಹಿಡಿದು ಊರಿನ ಶಾಲೆಗೇ ಸೇರಿಸಿದಳು. ಆದರೆ ಒಂದನೇ ಕ್ಲಾಸೆಂದರೆ ಚಿತ್ರದ ಪುಸ್ತಕವೇ ತಾನೆ? ಅದನ್ನು ತೆರೆದಾಗಲೆಲ್ಲ ಹಸ್ನಾಳನ್ನು ಜಗಲಿಯಲ್ಲಿ ಕೂರಿಸುತ್ತಿದ್ದರು. ಗೊತ್ತಾದ ದಿನ ನಶೀದಾ ನೇರ ಹೆಡ್‌ಮಾಸ್ಟರ್ ತೀರ್ಥರಾಮರ ಮುಂದೆ ಹೋಗಿ ನಿಂತಳು.

"ಅವಳಿಗೆ ಬೇಜಾರಾಗುದು ಬೇಡ ಅಂತ," ಎಂದರು ಅವರು. ಮನುಷ್ಯ ಕೆಟ್ಟವರಲ್ಲ.

"ಬೇಜಾರಾಗುದು ಜಗಲಿಯಲ್ಲಿ ಕೂತರೆ ಮಾಸ್ಟ್ರೇ. ಅವಳಿಗೂ ಚಿತ್ರದ ಪುಸ್ತಕ ಬೇಕು."

"ಕಣ್ಣು ಕಾಣದವಳಿಗೆ ಚಿತ್ರ ಎಂತಕ್ಕೆ ಮಾರಾಯ್ರೆ? ಅಂಥ ಪುಸ್ತಕ ಎಲ್ಲುಂಟು?"

"ನಾನು ಮಾಡಿ ತರ್ತೇನೆ. ಆಮೇಲೆ ಅವಳು ಒಳಗೆ ಕೂರ್ಬೇಕು."

ಹೇಳಿ ಬಂದದ್ದೇನೋ ಆಯಿತು. ಬ್ರೈಲ್ ಅಕ್ಷರವನ್ನು ಮೊಬೈಲ್ ನೋಡಿ ಕಲಿತಳು. ದಪ್ಪ ಕಾಗದದ ಹಿಂಬದಿಯಿಂದ, ಬಲದಿಂದ ಎಡಕ್ಕೆ ಚುಕ್ಕಿ ಚುಚ್ಚುತ್ತ ಹೋಗಬೇಕು. ಮದರಸದಲ್ಲಿ ಅರಬಿ ಬರೆದು ಪಳಗಿದ ಅವಳಿಗೆ ಬಲದಿಂದ ಹೊರಡುವುದು ಹೊಸತಾಗಿರಲಿಲ್ಲ. ಚಿತ್ರಕ್ಕೆ ಮದರಂಗಿಯ ಕೋನೇ ಸಿಕ್ಕಿತು. ಪಕ್ಕದ ತೋಟದ ರಬ್ಬರ್ ಹಾಲು ತುಂಬಿ ಕಾಗದದ ಮೇಲೆ ಎಳೆದಳು. ಒಣಗಿದಾಗ ಗೆರೆ ಉಬ್ಬಿ ನಿಂತಿತು. ಅಂಟದಂತೆ ಮುಖದ ಪೌಡರ್ ಉದುರಿಸಿದಳು.

ಮೊದಲ ಚಿತ್ರ ಕಪ್ಪೆಯದು. ಹಸ್ನಾ ಬೆರಳಾಡಿಸಿದಳು. ಬೆರಳು ಎಲ್ಲೆಲ್ಲೋ ಸುತ್ತಿ ದಾರಿ ತಪ್ಪಿತು.

"ಇದೆಂತ ಉಮ್ಮ?"

"ಕಪ್ಪೆ."

"ಕಪ್ಪೆಯ ಮೈಯಲ್ಲಿ ಬಳ್ಳಿ ಇಲ್ಲ. ನಾನು ಬಾವಿಕಟ್ಟೆಯಲ್ಲಿ ಹಿಡಿದಿದ್ದೇನೆ."

ಅಜ್ಜಿ ಮೈಮೂನಮ್ಮ ಬಿದ್ದು ಬಿದ್ದು ನಕ್ಕರು. ಕಪ್ಪೆಯ ಬೆನ್ನ ತುಂಬ ಬಳ್ಳಿ, ಹೊಟ್ಟೆಯಲ್ಲಿ ಮಾವಿನಕಾಯಿ, ಪಾದದಲ್ಲಿ ಹೂವು! ನಶೀದಾಳ ಕೈ ತನ್ನಷ್ಟಕ್ಕೆ ಕಪ್ಪೆಗೆ ಮದುವೆ ಮಾಡಿ ಮುಗಿಸಿತ್ತು.

"ಚೆಂದಕ್ಕೆ ಹಾಕಿದ್ದು," ಎಂದಳು ನಶೀದಾ, ಸಿಟ್ಟಿನಲ್ಲಿ.

"ಸುಳ್ಳು ಕಪ್ಪೆ ನನಗೆ ಬೇಡ," ಎಂದಳು ಮಗಳು. ಹಟ ಯಾರದ್ದೆಂದು ಕೇಳುವ ಅಗತ್ಯವಿರಲಿಲ್ಲ.

ಖಾಲಿ ಬಿಡುವುದು ನಶೀದಾಳಿಗೆ ಬಲು ಕಷ್ಟವಾಯಿತು. ಬಳ್ಳಿಗೆ ಹೊರಟ ಕೈಯನ್ನು ತಾನೇ ಬೈದು ಹಿಂದೆಳೆದಳು. ಹರಿದು ಎಸೆದದ್ದಕ್ಕೆ ಲೆಕ್ಕವಿಲ್ಲ. ಕೊನೆಗೂ ಒಂದು ಪುಟದಲ್ಲಿ ಮೊಟ್ಟೆ, ಒಂದರಲ್ಲಿ ಗೊದಮೊಟ್ಟೆ, ಮತ್ತೊಂದರಲ್ಲಿ ಹಿಂಗಾಲು ಮೂಡಿದ್ದು, ಕಡೆಗೆ ಬಾಲ ಬಿಟ್ಟ ಬೋಳು ಕಪ್ಪೆ, ಹೀಗೆ ಪುಸ್ತಕವಾಯಿತು. ಪ್ರತಿ ಚಿತ್ರದ ಕೆಳಗೆ ಒಂದು ಸಾಲು ಬ್ರೈಲ್ ಚುಕ್ಕಿ.

ತೀರ್ಥರಾಮರು ದಂಗಾದರು. ಟೀಚರುಗಳನ್ನೆಲ್ಲ ಕರೆದು ತೋರಿಸಿದರು. ನಶೀದಾ ಎದೆಯುಬ್ಬಿಸಿ ಮನೆಗೆ ಬಂದಳು.

ಮುಂದಿನ ವಾರ ಮಗಳು ಮರೆತ ನೀರಿನ ಬಾಟಲಿ ಕೊಡಲು ಹೋದರೆ, ಹಸ್ನಾ ಮತ್ತೆ ಜಗಲಿಯಲ್ಲಿ ಬಿಸ್ಕತ್ತು ತಿನ್ನುತ್ತ ಕೂತಿದ್ದಾಳೆ! ಪುಸ್ತಕ ಆಫೀಸಿನ ಗಾಜಿನ ಕಪಾಟಿನಲ್ಲಿ.

"ಇಲಾಖೆಯವರು ಬಂದಾಗ ತೋರಿಸ್ಲಿಕ್ಕೆ ಇಟ್ಟದ್ದು," ಎಂದರು ತೀರ್ಥರಾಮರು. "ಮಕ್ಕಳ ಕೈಗೆ ಕೊಟ್ರೆ ಹಾಳಾಗ್ತದೆ ಮಾರಾಯ್ರೆ. ಎಷ್ಟು ಚೆಂದ ಮಾಡಿದ್ದೀರಿ!"

ನಶೀದಾಳ ಮೈಯೆಲ್ಲ ಉರಿಯಿತು.

"ಮದುಮಗಳ ಮದರಂಗಿ ಪಾತ್ರೆ ತೊಳೆದು ತೊಳೆದು ಅಳಿಸಿ ಹೋಗ್ತದೆ ಮಾಸ್ಟ್ರೇ. ಹಾಗಂತ ಮದುಮಗಳನ್ನು ಕಪಾಟಿನಲ್ಲಿ ಇಡ್ತಾರಾ? ಹಾಳಾಗ್ಲಿ. ಹಾಳಾದ್ರೆ ಇನ್ನೊಂದು ಮಾಡ್ತೇನೆ."

ಬೀಗದಲ್ಲೇ ಇದ್ದ ಕೀಲಿಕೈ ತಿರುಗಿಸಿ ಪುಸ್ತಕ ಎಳೆದುಕೊಂಡಳು. ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದು ನೇರ ಕ್ಲಾಸಿನೊಳಗೆ ನಡೆದಳು. ಮುಂದಿನ ಸಾಲಿನ ಮೋಕ್ಷಿತಾ ಸರಿದು ಜಾಗ ಕೊಟ್ಟಳು.

ತೀರ್ಥರಾಮರು ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. "ಕೈಯಾದರೂ ತೊಳೆಸಿ..."

"ಬೇಡ," ಎಂದಳು ನಶೀದಾ.

ಹಸ್ನಾಳ ಬಿಸ್ಕತ್ತಿನ ಬೆರಳು ಅಷ್ಟರಲ್ಲಿ ಗೊದಮೊಟ್ಟೆಯ ಬಾಲ ಹಿಡಿದಿತ್ತು. ಪಕ್ಕದವಳ ಕೈಯನ್ನೂ ಎಳೆದು ಅಲ್ಲಿಗೇ ಒತ್ತಿದಳು.

"ಮೋಕ್ಷಿತಾ, ನೋಡು. ಇದಕ್ಕೆ ಇನ್ನೂ ಕಾಲು ಬರ್ಲಿಲ್ಲ."